ತುಟಿ ಹದಗೊಳಿಸುವ ದಶರಥ

ಹಳ್ಳ ಉಕ್ಕಿ ಬಂದ ವರ್ಷ ದಿಬ್ಬವೇರಿ ನಿಂತು, ಕಡೆಯ ಗುಡಿಸಲಿನ ಮುದುಕಿ ಮೇಲೇರಿ ಬರುವ ತನಕ ಕೊಂಬನ್ನು ಬಾಯಿಂದ ಇಳಿಸದವನು ನೆಲೋಗಿಯ ಮಹಾದೇವಪ್ಪ. ಅವನ ಮಗ ಅಣ್ಣಾರಾಯ, ಜಾಗೀರದಾರರ ಮಂದಿ ವಸೂಲಿಗೆ ಬರುವಾಗ ಊರ ಅಗಸೆಬಾಗಿಲಲ್ಲಿ ನಿಂತು ಕಹಳೆ ಊದುತ್ತಿದ್ದ; ಎಷ್ಟು ಭಕ್ತಿಯಿಂದ, ಎಷ್ಟು ಮುಂಚಿತವಾಗಿ ಊದುತ್ತಿದ್ದನೆಂದರೆ, ಬಂದವರಿಗೆ ಅದು ಸಲಾಮು, ಊರವರಿಗೆ ದನಕರು ಅಡವಿಗೆ ಅಟ್ಟಲು ಸೂಚನೆ. ಅಣ್ಣಾರಾಯನ ಮಗ ದಶರಥ ಈ ಎರಡರ ಜೊತೆಗೆ, ಕಲಬುರ್ಗಿಯ ಬ್ಯಾಂಡಿನವರ ಬೆನ್ನುಹತ್ತಿ ತಿರುಗಿ, ಅವರ ಪುಟ್ಟ ಹಿತ್ತಾಳೆ ತುತ್ತೂರಿ ಕಾರ್ನೆಟ್ಟನ್ನೂ ಒಲಿಸಿಕೊಂಡ.

ವಾದ್ಯ ಮೂರು, ತುಟಿ ಒಂದೇ. ಕೊಂಬಿಗೆ ಅದು ಸಡಿಲವಿರಬೇಕು, ಕಾರ್ನೆಟ್ಟಿಗೆ ಬಿಗಿ. ಬೆಳಗಾದರೆ ಅವನು ಬೇವಿನ ಮರದ ಕೆಳಗೆ ನಿಂತು, ನೀರು ಕುಡಿದ ಕುದುರೆಯಂತೆ ಬರಿದುಟಿಯನ್ನು 'ಪುರ್ರ್' ಎಂದು ಅದುರಿಸುತ್ತಿದ್ದ; ಆಮೇಲೆ ಕಾರ್ನೆಟ್ಟಿನ ಮೂತಿಯನ್ನಷ್ಟೇ ಕಳಚಿ ಊದುತ್ತಿದ್ದ; ಅನಂತರ ಕೊಂಬು, ಕಹಳೆ, ಕಾರ್ನೆಟ್, ಹೀಗೆ ದೊಡ್ಡದರಿಂದ ಚಿಕ್ಕದಕ್ಕೆ, ಮೆಲುದನಿಯಲ್ಲಿ. ಅಲ್ಲಿಯವರೆಗೆ ಎಲೆಅಡಿಕೆಯಿಲ್ಲ, ಮಾತಿಲ್ಲ. ಹೆಂಡತಿ ಮಾಳಮ್ಮ ರೊಟ್ಟಿ ಬಡಿಯುತ್ತಲೇ ಕಿವಿಗೊಟ್ಟು, "ತುಟಿಗಿ ಇನ್ನಾ ನಿದ್ದಿ ಅದ, ಎಬ್ಬಸ್ರಿ" ಎನ್ನುತ್ತಿದ್ದಳು.

ದಶರಥನ ಮುಂದಿನ ಹಲ್ಲು ಬಿತ್ತು. ಕಾರ್ನೆಟ್ಟಿನಲ್ಲಿ ಸ್ವರಕ್ಕಿಂತ ಗಾಳಿಯೇ ಹೆಚ್ಚಾಯಿತು. ಇನ್ನು ಅವನ ಕಾಲ ಮುಗಿಯಿತೆಂದು ಊರು ಆಡಿಕೊಂಡಿತು. ದಶರಥ ಕಾರ್ನೆಟ್ಟಿನ ಮೂತಿಯನ್ನು ತುಟಿಯ ಮೇಲೆ ತುಸು ಎಡಕ್ಕೆ ಸರಿಸಿ, ಮಳೆಗಾಲವೆಲ್ಲ ಆ 'ಪುರ್ರ್' ಎಂಬಲ್ಲಿಂದ ಮತ್ತೆ ಕಲಿತ.

ಪರೀಕ್ಷೆ ಎದುರಾದದ್ದು ಇಜೇರಿಯ ಬಸವಂತರಾಯ ಗೌಡರ ಮಗಳ ಮದುವೆಯಲ್ಲಿ. ಇವನ ಮೇಲೆ ನಂಬಿಕೆ ಸಾಲದೆ ಗೌಡರು ಕಾರ್ನೆಟ್ ಊದುವ ಆಳಂದದ ರಸೂಲನನ್ನೂ ಕರೆಸಿದ್ದರು. ಅಂದು ಕಾರ್ನೆಟ್ ಕೈಬಿಟ್ಟರೆ ಆ ಸೀಮೆಯ ಮೆರವಣಿಗೆಗಳಲ್ಲಿ ದಶರಥನ ಜಾಗ ಹೋದಂತೆಯೇ. ಬೀಗರು ಬಂದು ನಿಂತಿದ್ದಾರೆ. ಇವನು ಅವರೆದುರಿಗೇ 'ಪುರ್ರ್' ಎಂದ.

"ಲೇ ದಶರಥ, ಬೀಗರನ್ನ ಅಣಗಸಾಕತ್ತಿ ಏನಲೇ?" ಗೌಡರು ಗುಡುಗಿದರು.

"ಶಿವ ಶಿವಾ! ಟಾಂಗಾಕ್ಕ ಹೂಡೂ ಮುಂದ ಕುದರೀನ ಒಂದ್ ಸುತ್ತ ತಿರಗಸೂದಿಲ್ಲೇನ್ರಿ ಗೌಡ್ರ? ಇದೂ ಹಂಗ ರೀ."

"ಕುದರಿ ಹಲ್ಲ ನೋಡಿ ತಂದೀರಿಲ್ಲೋ?" ಬೀಗರಲ್ಲೊಬ್ಬ ಕುಟುಕಿದ. ಮಂದಿ ಹೊಟ್ಟೆ ಹಿಡಿದು ನಕ್ಕಿತು. ದಶರಥ ತನ್ನ ಕ್ರಮ ತಪ್ಪಿಸಲಿಲ್ಲ: ಕೊಂಬು, ಕಹಳೆ, ಕಾರ್ನೆಟ್. ಹೊತ್ತು ಮುಳುಗುವವರೆಗೆ ಮೆರವಣಿಗೆ ಅವನ ಕಾರ್ನೆಟ್ಟಿನ ಹಿಂದೆ ನಡೆಯಿತು. ಕುಟುಕಿದ ಬೀಗನೇ ಎಲ್ಲರಿಗಿಂತ ಹತ್ತಿರದಲ್ಲಿದ್ದ.

ಇಂಥವರ ಧೈರ್ಯ ಯಾರೂ ಕೇಳದ ಮುಂಜಾವುಗಳಲ್ಲಿ ಹದಗೊಂಡದ್ದು. ಅದಕ್ಕೆ ಮಂದಿಯ ನಗೆ ತಟ್ಟುವುದಿಲ್ಲ, ಮರುಕವೂ ಬೇಕಾಗುವುದಿಲ್ಲ. ಆ ನಗೆಯ ನಡುವೆ ರಸೂಲ ಮೆಲ್ಲಗೆ ಬಂದು, "ಕಾಕಾ, ನೀವು ಬರೇ ಬಾಯಿಗಿ ಹಿಡೀರಿ, ನಾ ಹಿಂದ ನಿಂತು ಊದ್ತೇನಿ" ಎಂದಿದ್ದ. ದಶರಥ ಅವನ ಹೆಗಲು ತಟ್ಟಿ ಹೇಳಿದ್ದು ಇಷ್ಟೆ:

"ಬ್ಯಾಡೋ ತಮ್ಮಾ. ಹಲ್ಲ ಹೋಗ್ಯಾದ, ತುಟಿ ಇನ್ನಾ ನಂದೇ ಅದ. ನೀ ಬೀಗರಿಗಿ ಇನ್ನೊಂದ್ ಗಿಲಾಸ ಶರಬತ್ ಕುಡಸು, ಅಷ್ಟರಾಗ ತುಟಿ ಬಿಸಿ ಆಗ್ತಾದ."