ಅಣ್ಣನ ಸೋಲು, ತಂಗಿಯ ಸೀಟು

ತಂಗಿಗೆ ಬಿಸಿನೆಸ್ ಸ್ಕೂಲಿನಲ್ಲಿ ಸೀಟು ಸಿಕ್ಕಿದ ಸುದ್ದಿ ಬಂದಾಗ ಅಣ್ಣ ಲಾಂಡ್ರಿಯ ಬಾಯ್ಲರಿನ ಕೆಳಗೆ ಅಂಗಾತ ಮಲಗಿ, ಸೋರುವ ವಾಲ್ವಿನ ಜೊತೆ ಗುದ್ದಾಡುತ್ತಿದ್ದ. ಬೆಂಕಿ ಆರಿಸಿ ಬಹಳ ಹೊತ್ತಾಗಿತ್ತು. ತುಕ್ಕುನೀರು ಮಾತ್ರ ಹಣೆಯ ಮೇಲೆ ತೊಟ್ಟಿಕ್ಕುತ್ತಲೇ ಇತ್ತು. ಮಹಡಿಯ ಮನೆಯಿಂದ ಅಪ್ಪ ದಡದಡನೆ ಇಳಿದುಬಂದರು.

"ಗೆದ್ದಳು ಕಣೋ! ನಿನ್ನ ತಂಗಿ ಗೆದ್ದುಬಿಟ್ಟಳು! ಎದ್ದು ಬಾರೋ ಈಚೆ!"

"ವಾಲ್ವು ಬಿಚ್ಚಿದೀನಿ ಅಪ್ಪ. ಬಿಟ್ಟು ಬಂದ್ರೆ ನೆಲವೆಲ್ಲ ನೀರಾಗುತ್ತೆ."

"ಆಗ್ಲಿ ಬಿಡು," ಅಂದರು ಅಪ್ಪ.

ಅಣ್ಣ ಈಚೆ ಬರಲಿಲ್ಲ. ವಾಲ್ವು ಬಿಗಿ ಮಾಡಿ, ಕೈ ತೊಳೆದು, ಮೇಲೆ ಹೋಗುವಷ್ಟರಲ್ಲಿ ಅಪ್ಪ ಅರ್ಧ ಬೀದಿಗೆ ಫೋನ್ ಮಾಡಿ ಮುಗಿಸಿದ್ದರು. ತಂಗಿ ಕಿಟಕಿಯ ಹತ್ತಿರ ನೆಟ್ಟಗೆ ನಿಂತಿದ್ದಳು. ಅವಳು ಮನೆಯಲ್ಲಿ ಟೀ ಕುಡಿಯುವಾಗಲೂ ಹಾಗೇ ನಿಲ್ಲುತ್ತಿದ್ದಳು, ಯಾರೋ ಬಂದು ತಪಾಸಣೆ ಮಾಡುತ್ತಾರೇನೋ ಎನ್ನುವ ಹಾಗೆ.

"ಒಳ್ಳೇದಾಯ್ತು," ಅಂದ ಅಣ್ಣ.

"ಥ್ಯಾಂಕ್ಸ್," ಅಂದಳು ತಂಗಿ.

ಅಣ್ಣ ತಂಗಿಯರ ನಡುವೆ ಆ ದಿನ ನಡೆದ ಮಾತುಕತೆ ಇಷ್ಟೇ.

ಲಾಂಡ್ರಿ ಕಟ್ಟಿದ್ದು ಅಪ್ಪ. ಅದು ಕುಸಿದು ಬೀಳದಂತೆ ನೋಡಿಕೊಂಡದ್ದು ಅಣ್ಣ. ಅಪ್ಪನಿಗೆ ಮೊದಲನೆಯದಷ್ಟೇ ನೆನಪಿತ್ತು. ಎರಡು ವರ್ಷದ ಹಿಂದೆ, ಲಾಂಡ್ರಿಗೆ ಅರ್ಧಕ್ಕಿಂತ ಹೆಚ್ಚು ಬಟ್ಟೆ ಕೊಡುತ್ತಿದ್ದ ದೊಡ್ಡ ಹೋಟೆಲಿನವರು ತಮ್ಮದೇ ಯಂತ್ರ ಹಾಕಿಕೊಂಡು ಕೈಬಿಟ್ಟರು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಅಣ್ಣ ವ್ಯಾನ್ ಹತ್ತಿಕೊಂಡು ಆಸ್ಪತ್ರೆಗಳ ಬಾಗಿಲು ಕಾಯತೊಡಗಿದ. ರೋಗಿಗಳ ಬಟ್ಟೆ ಒಗೆಯಬೇಕಾದರೆ ಕೊಳೆ ಬಟ್ಟೆ ಬರುವ ದಾರಿ ಬೇರೆ, ಮಡಿಸಿದ್ದು ಹೋಗುವ ದಾರಿ ಬೇರೆ ಇರಬೇಕು ಎಂದು ಒಬ್ಬ ಹೆಡ್ ನರ್ಸ್ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದಳು. ಅಣ್ಣ ಲಾಂಡ್ರಿಯ ನಟ್ಟನಡುವೆ ಗೋಡೆ ಎಬ್ಬಿಸಿದ, ಹಿಂದೊಂದು ಬಾಗಿಲು ಒಡೆಸಿದ, ಮತ್ತೆ ಅವಳ ಮುಂದೆ ಹೋಗಿ ನಿಂತ. ಒಂದು ಆಸ್ಪತ್ರೆ ಬಂತು, ಅದರ ಹಿಂದೆ ಇನ್ನೊಂದು. ಈ ಓಡಾಟದಲ್ಲಿ ಅವನ ಕೂದಲು ಉದುರಿತು, ಕೋಪ ಮೂಗಿನ ತುದಿಗೆ ಬಂದು ಅಲ್ಲೇ ಮನೆ ಮಾಡಿತು. ಕೆಲಸಗಾರರು ಅವನ ಬೆನ್ನ ಹಿಂದೆ 'ಬಾಯ್ಲರ್' ಅನ್ನತೊಡಗಿದರು.

ತಂಗಿ ಸೈನ್ಯ ಬಿಟ್ಟು ಬಂದದ್ದು ಇದೆಲ್ಲ ಮುಗಿದ ಮೇಲೆ. ಮೇಜರ್ ಆಗಿ ಬಂದವಳನ್ನು ಅಪ್ಪ ತಲೆಯ ಮೇಲೆ ಕೂರಿಸಿಕೊಂಡರು. ಅವಳು ಬಂದ ವಾರದಲ್ಲೇ ಆಫೀಸಿನ ಗೋಡೆಗೆ ಬಿಳಿ ಬೋರ್ಡು ಹೊಡೆಸಿ ಮೂರು ಬಣ್ಣದಲ್ಲಿ ಗೆರೆ ಎಳೆದಳು. ಇಸ್ತ್ರಿ ಮಾಡುವ ಹೆಂಗಸರನ್ನು ಬೆಳಿಗ್ಗೆ ಸಾಲಾಗಿ ನಿಲ್ಲಿಸಿದಳು. ಅಣ್ಣ ಹಲ್ಲು ಕಚ್ಚಿಕೊಂಡು ನೋಡಿದ. ಹೇಗೂ ಓದಲು ಹೋಗುವವಳು, ಹೋಗಲಿ ಎಂದು ಸುಮ್ಮನಿದ್ದ. ಅವನ ಹೆಂಡತಿ ಮಾತ್ರ, "ನಿಮ್ಮ ಮೌನಾನ ಮಾವ ಒಪ್ಪಿಗೆ ಅಂದ್ಕೋತಾರೆ, ನೋಡ್ತಿರಿ," ಎಂದು ಎಚ್ಚರಿಸುತ್ತಲೇ ಇದ್ದಳು.

ರಜೆಯ ದಿನ ಮಧ್ಯಾಹ್ನ ಔತಣವೆಂದು ಅಪ್ಪ ಸಾರಿದರು. ಜಾಗ ಲಾಂಡ್ರಿಯ ಇಸ್ತ್ರಿ ಹಾಲ್. ಬಟ್ಟೆ ಮಡಿಸುವ ಉದ್ದನೆಯ ಟೇಬಲ್‌ಗಳನ್ನು ಒಂದಕ್ಕೊಂದು ಜೋಡಿಸಿ, ಅದರ ಮೇಲೆ ಹಾಸಲು ಅಪ್ಪ ಕಪಾಟಿನಿಂದ ಬಿಳೀ ಹಾಸಿಗೆಬಟ್ಟೆ ಎಳೆದರು.

"ಅಪ್ಪ, ಅದು ಆಸ್ಪತ್ರೆಯವರದ್ದು. ನಾಳೆ ಹೋಗಬೇಕು."

"ಒಂದು ದಿನಕ್ಕೆ ಏನು ಸವೆದುಹೋಗುತ್ತಾ? ತಂಗಿ ಗೆದ್ದಿದಾಳೆ, ನೀನೋ ಬಟ್ಟೆ ಲೆಕ್ಕ ಹಾಕ್ತೀಯ!"

ಬಡಿಸುವ ಮೊದಲೇ ಸಾರು ಚೆಲ್ಲಿ ಅಂಗೈಯಗಲ ಕಲೆಯಾಯಿತು. ಅಣ್ಣ ಅದನ್ನು ನೋಡಿದ. ಅವನು ನೋಡಿದ್ದನ್ನು ತಂಗಿಯೂ ನೋಡಿದಳು.

"ಅಣ್ಣ, ಆ ಕೊನೇ ಟೇಬಲ್ ಸೊಟ್ಟಗಿದೆ," ಅಂದಳು.

"ಸೆಲ್ಯೂಟ್ ಹೊಡೆದು ನೆಟ್ಟಗೆ ಮಾಡ್ಲಾ, ಹಾಗೇ ಮಾಡ್ಲಾ?"

ಪಕ್ಕದಲ್ಲಿದ್ದವರು ನಕ್ಕರು. ತಂಗಿ ನಗಲಿಲ್ಲ, ಹೋಗಿ ತಾನೇ ಟೇಬಲ್ ಸರಿಸಿದಳು.

ಊಟ ನಡೆದಿರುವಾಗ ತಂಗಿಯ ಗೆಳೆಯ, ಸೈನ್ಯದಲ್ಲಿ ಅವಳ ಜೊತೆಗಿದ್ದ ಡಾಕ್ಟರ್, ಲೋಟ ಹಿಡಿದು ಎದ್ದು ನಿಂತ. ಇಂಟರ್ವ್ಯೂಗೆ ಅವಳನ್ನು ತಯಾರು ಮಾಡಿದವನು ಅವನೇ. ದೊಡ್ಡ ಗಂಟಲು, ತಿಳಿಮನಸ್ಸಿನ ಮನುಷ್ಯ. ಯಾವ ಮನೆಯಲ್ಲಿ ಏನು ಹೇಳಬಾರದು ಎಂಬುದು ಮಾತ್ರ ಅವನಿಗೆ ಗೊತ್ತಾಗುತ್ತಿರಲಿಲ್ಲ.

"ಇಂಟರ್ವ್ಯೂನಲ್ಲಿ ಕೂತಿದ್ದ ಮೂರೂ ಜನ ಪೆನ್ನು ಕೆಳಗಿಟ್ಟು ಕೇಳಿದ್ರಂತೆ," ಅಂದ. "ಮುಳುಗ್ತಾ ಇದ್ದ ಲಾಂಡ್ರಿ! ಹೋಟೆಲ್ ಕೈಬಿಡ್ತು, ಮನೆಯವರಿಗೆ ದಿಕ್ಕೇ ತೋಚಲಿಲ್ಲ. ನಮ್ಮ ಮೇಜರ್ ಏನು ಮಾಡಿದ್ಲು? ಆಸ್ಪತ್ರೆ ಆಸ್ಪತ್ರೆ ಸುತ್ತಿದ್ಲು. ನಟ್ಟನಡುವೆ ಗೋಡೆ ಎಬ್ಬಿಸಿದ್ಲು. ಹಿಂದೊಂದು ಬಾಗಿಲು ಒಡೆಸಿದ್ಲು!" ಆಮೇಲೆ ಅಣ್ಣನ ಕಡೆ ತಿರುಗಿ ಲೋಟ ಎತ್ತಿದ. "ಸಮಯಕ್ಕೆ ಬಂದು ನಿಮ್ಮ ಕೈ ಹಿಡಿದಳಲ್ಲ ಸಾರ್! ಅದೃಷ್ಟವಂತರು ನೀವು."

ಇಸ್ತ್ರಿ ಮಾಡುವ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳಾದ ಅಜ್ಜಿ, ತಟ್ಟೆಯಿಂದ ತಲೆಯೆತ್ತಿ, "ಯಾರು, ಮೇಜರಮ್ಮನಾ?" ಅಂದಳು. "ಗೋಡೆ ಕಟ್ಟುವಾಗ ಅವರೆಲ್ಲಿದ್ರು ಇಲ್ಲಿ?"

ಅಣ್ಣನ ಮೈಯೆಲ್ಲ ಉರಿದುಹೋಯಿತು. ಆದರೆ ಅವನ ದನಿ ಎಂದಿನಂತೆ ಏರಲಿಲ್ಲ. ಅದನ್ನು ಕಂಡೇ ಹೆಂಡತಿ ಹೆದರಿದಳು.

"ಹೇಳಮ್ಮ," ಅಂದ ತಂಗಿಗೆ. "ಎಲ್ಲಿದ್ದೆ?"

ತಂಗಿ ಚಮಚ ಕೆಳಗಿಟ್ಟಳು. "ಆಮೇಲೆ ಮಾತಾಡೋಣ ಅಣ್ಣ."

"ಆಮೇಲೆ ಯಾಕೆ? ಅಲ್ಲಿ ಮೂರು ಜನರ ಮುಂದೆ ಹೇಳಿದ್ದನ್ನ ಇಲ್ಲಿ ನಮ್ಮವರ ಮುಂದೆ ಹೇಳು."

"ಸರಿ, ಕೇಳು. ಸೋಲಿನ ಕಥೆ ಒಂದು ಹೇಳಿ ಅಂದ್ರು, ನಿನ್ನದು ಹೇಳ್ದೆ. ಗೆದ್ದ ಕಥೆ ಹೇಳಿ ಅಂದ್ರು, ಅದೂ ನಿನ್ನದೇ ಹೇಳ್ದೆ. ಸಾಕಾ?"

"ನಿಂಗೆ ನಿನ್ನದು ಅಂತ ಒಂದೂ ಇರ್ಲಿಲ್ವಾ? ಇಷ್ಟು ವರ್ಷ ಸೈನ್ಯದಲ್ಲಿ ಏನು ಮಾಡ್ತಿದ್ದೆ?"

"ಕಂಬಳಿ ಎಣಿಸ್ತಿದ್ದೆ!" ತಂಗಿಯ ದನಿ ಒಡೆಯಿತು. "ಕಂಬಳಿ, ಬೂಟು, ಟೆಂಟಿನ ಗೂಟ. ಗೋದಾಮಿನ ಮೇಜರ್ ನಾನು. ಅಪ್ಪ ಬೀದಿಯಲ್ಲೆಲ್ಲ ಹೇಳ್ಕೊಂಡು ಬಂದ ಯುದ್ಧ ಯಾವುದನ್ನೂ ನಾನು ಕಣ್ಣಲ್ಲಿ ಕೂಡ ಕಂಡಿಲ್ಲ. ಕಂಬಳಿ ಕಥೆಗೆ ಯಾರು ಸೀಟು ಕೊಡ್ತಾರೆ?"

ಅಪ್ಪ ಸುತ್ತಲಿದ್ದವರ ಮುಖಗಳನ್ನು ಒಂದು ಸಲ ನೋಡಿದರು. ಆಮೇಲೆ ಟೇಬಲ್ ತಟ್ಟಿದರು.

"ಸಾಕು ಮಾಡಿ! ಯಾರು ಮಾಡಿದ್ರೇನು? ಲಾಂಡ್ರಿ ನನ್ನದು, ಮಕ್ಕಳೂ ನನ್ನವು. ಅವಳು ಹೇಳಿದ್ರೆ ನಾಲ್ಕು ಜನ ಕೇಳ್ತಾರೆ. ನೀನು ಹೇಳಿದ್ರೆ ಯಾರು ಕೇಳ್ತಿದ್ರು? ಕೂತು ಊಟ ಮಾಡು."

ಈ ಮಾತು ಅಣ್ಣನಿಗೆ ನಾಟಿತು. ಆದರೆ ಅಪ್ಪನಿಗೆ ಎದುರಾಡಿ ಅಭ್ಯಾಸವಿರಲಿಲ್ಲ. ಹಾಗಾಗಿ ಸಿಟ್ಟೆಲ್ಲ ತಂಗಿಯ ಕಡೆಗೇ ಹರಿಯಿತು.

"ನಿನ್ನ ಸ್ಕೂಲಿಗೆ ಫೋನ್ ಮಾಡ್ತೀನಿ. ಇದು ಕದ್ದ ಮಾಲು ಅಂತ ಹೇಳ್ತೀನಿ."

ತಂಗಿ ಜೇಬಿನಿಂದ ಫೋನ್ ತೆಗೆದಳು, ನಂಬರ್ ಒತ್ತಿದಳು, ಎಲ್ಲರಿಗೂ ಕೇಳುವ ಹಾಗೆ ಮಾಡಿ ಅವನ ತಟ್ಟೆಯ ಪಕ್ಕದಲ್ಲಿ ಇಟ್ಟಳು. "ಮಾಡು. ಧೈರ್ಯ ಇದ್ರೆ ಮಾತಾಡು."

ಆ ಕಡೆ "ಹಲೋ" ಅಂದದ್ದೇ ತಡ, ಅಣ್ಣ ಕೂತಲ್ಲಿಂದ ಎದ್ದ. ಹೋಟೆಲ್ ಕೈಬಿಟ್ಟದ್ದು, ಹೆಡ್ ನರ್ಸ್ ಬೈದು ಕಳಿಸಿದ್ದು, ಗೋಡೆ, ಬಾಗಿಲು, ತಂಗಿ ಹೇಳಿದ ಸುಳ್ಳು, ಒಂದೂ ಬಿಡದೆ ಒಂದೇ ಉಸಿರಿಗೆ ಹೇಳಿದ. ಆ ಕಡೆಯವನು ಮಧ್ಯೆ ಮಧ್ಯೆ "ಹೌದಾ" ಅಂದ, "ಅಯ್ಯೋ" ಅಂದ. ಅಣ್ಣ ಮುಗಿಸಿದ ಮೇಲೆ, "ಸಾರ್, ನಾನು ಗೇಟಿನವನು," ಅಂದ. "ಇವತ್ತು ರಜೆ, ಆಫೀಸಲ್ಲಿ ಯಾರೂ ಇಲ್ಲ. ಆದ್ರೂ ಒಂದು ಮಾತು ಸಾರ್. ನಮ್ಮನೇಲೂ ತಂಗಿ ಇದಾಳೆ. ನಿಮ್ಮ ಕಷ್ಟ ನಂಗೆ ಅರ್ಥ ಆಗುತ್ತೆ."

ಯಾರೋ ಕಿಸಕ್ಕೆಂದರು. ನಗು ಟೇಬಲ್ಲಿನ ಈ ತುದಿಯಿಂದ ಆ ತುದಿಗೆ ಹರಿಯಿತು. ಡಾಕ್ಟರ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡ. ಅಣ್ಣ ತನ್ನ ತಟ್ಟೆ ಎತ್ತಿಕೊಂಡು ಹೊರಟುಹೋದ. ಕೇಕ್ ಕತ್ತರಿಸಿದರೋ ಇಲ್ಲವೋ ಅವನಿಗೆ ತಿಳಿಯಲಿಲ್ಲ, ಕೇಳಲೂ ಇಲ್ಲ.

ಮರುದಿನ ಅವನು ಆಫೀಸಿನ ಮೇಜಿನ ಮೇಲೆ ಫೋನ್ ಮುಂದಿಟ್ಟುಕೊಂಡು ಕುಳಿತ. ಮೆಟ್ಟಿಲ ಮೇಲೆ ತಂಗಿ ನಿಂತಿದ್ದಳು. ಅವನು ಫೋನಿನ ಕಡೆ ಕೈ ಚಾಚಿದಾಗ ಅವಳ ಕತ್ತಿನ ನರ ಬಿಗಿಯುವುದು ಅಲ್ಲಿಂದಲೇ ಕಾಣಿಸಿತು. ಅವನು ಕೈ ಹಿಂತೆಗೆದುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಸುಮ್ಮಸುಮ್ಮನೆ ಮತ್ತೆ ಚಾಚಿದ. ಹುಟ್ಟಿದಾಗಿನಿಂದ ಮೊದಲ ಬಾರಿಗೆ ತಂಗಿ ತನಗೆ ಹೆದರಿದ್ದಳು. ಆ ಮಧ್ಯಾಹ್ನ ಅವನಿಗೆ ಊಟ ರುಚಿಸಿತು.

"ಮಾಡಿ ಮುಗಿಸಬಾರದಾ?" ಅಂದಳು ಹೆಂಡತಿ.

"ಮಾಡಿದ್ರೆ ಮುಗಿದುಹೋಗುತ್ತಲ್ಲ," ಅಂದ ಅಣ್ಣ. ಹೆಂಡತಿ ಅವನನ್ನು ಬೇರೆ ಯಾರನ್ನೋ ನೋಡುವ ಹಾಗೆ ನೋಡಿದಳು.

ಈ ಆಟವನ್ನು ಅವನು ಎರಡು ದಿನ ಆಡಿದ. ಮೂರನೆಯ ದಿನ ತಂಗಿ ಬೆಳಿಗ್ಗೆಯೇ ಎಲ್ಲಿಗೋ ಹೋದಳು. ಸಂಜೆ ಬಂದವಳು ನೇರ ಯಂತ್ರಗಳ ನಡುವೆ ನಡೆದು, ವಾಷರಿನಿಂದ ಒದ್ದೆ ಬಟ್ಟೆ ಎಳೆಯುತ್ತಿದ್ದ ಅಣ್ಣನ ಎದುರು ನಿಂತಳು.

"ಸ್ಕೂಲಿಗೆ ಹೋಗಿದ್ದೆ. ಹೇಳಿದ್ದು ಸುಳ್ಳು, ಅದೆಲ್ಲ ಮಾಡಿದ್ದು ನಮ್ಮಣ್ಣ ಅಂತ ಹೇಳಿಬಂದೆ. ಇನ್ನು ನೀನು ಆರಾಮಾಗಿ ಫೋನ್ ಮಾಡ್ಕೋ."

ಅಣ್ಣನ ಕೈಯಲ್ಲಿದ್ದ ಬಟ್ಟೆ ಟ್ರಾಲಿಗೆ ಜಾರಿತು. "ಏನಂದ್ರು?"

"ಹಾಗಾದ್ರೆ ನಿನ್ನದೇ ಕಥೆ ಹೇಳು ಅಂದ್ರು. ಕಂಬಳಿದು ಹೇಳ್ದೆ. ಯೋಚನೆ ಮಾಡಿ ತಿಳಿಸ್ತಾರಂತೆ."

"ನಂಗೇನೂ ಹೇಳೋದಿಲ್ವಾ?"

"ಏನು?"

"ತಪ್ಪಾಯ್ತು ಅಂತ."

"ನಿನ್ನ ಕೈಲಿದ್ದ ಕತ್ತಿ ಕಿತ್ಕೊಳ್ಳೋಕೆ ಹೋಗಿದ್ದೆ ಅಣ್ಣ, ಕಾಲು ಹಿಡಿಯೋಕಲ್ಲ. ಅಮ್ಮ ಹೋದಾಗ ಎಲ್ಲ ಮುಗಿಸಿ ಆದ್ಮೇಲೆ ನಂಗೆ ಸುದ್ದಿ ಕಳಿಸಿದ್ಯಲ್ಲ, ಆವತ್ತು ನೀನು ತಪ್ಪಾಯ್ತು ಅಂದಿದ್ಯಾ?"

"ಅದು ಅಪ್ಪ ಹೇಳಿದ್ದು! ದೇಶ ಕಾಯ್ತಾ ಇದಾಳೆ, ತೊಂದ್ರೆ ಕೊಡಬೇಡ ಅಂದ್ರು."

"ಕಂಬಳಿ ಕಾಯ್ತಾ ಇದ್ದೆ. ಒಂದು ದಿನದ ದಾರಿ. ಬಂದು ಮುಖ ನೋಡ್ತಿದ್ದೆ. ಅಪ್ಪ ಹೇಳಿದ್ರು ಅಂತಾನೇ ಇಟ್ಕೋ, ನಿಂಗೆ ಬಾಯಿ ಇರ್ಲಿಲ್ವಾ?"

ಡ್ರೈಯರ್ ಗಡಗಡ ತಿರುಗುತ್ತಿತ್ತು. ಅಣ್ಣ ಮತ್ತೆ ವಾಷರಿನಿಂದ ಬಟ್ಟೆ ಎಳೆಯತೊಡಗಿದ. ತಂಗಿ ಕಾಯದೆ ಹೋದಳು.

ವಾರದ ಮೇಲೆ ಸ್ಕೂಲಿನವರು ಸೀಟು ನಿನ್ನದೇ, ಓದಲು ಬಾ ಎಂದರು. ಅವಳು ಹೊರಟ ಬೆಳಿಗ್ಗೆ ಅಣ್ಣ ಬೇಕೆಂದೇ ಆಸ್ಪತ್ರೆಗಳಿಂದ ಬಟ್ಟೆ ತರಲು ವ್ಯಾನ್ ತೆಗೆದ. ಬೀದಿಯ ತಿರುವಿನಲ್ಲಿ ಅವಳ ಟ್ಯಾಕ್ಸಿ ಎದುರಾಯಿತು. ಇಬ್ಬರೂ ಒಬ್ಬರನ್ನೊಬ್ಬರು ಕಂಡರು. ಯಾರೂ ಕೈಯೆತ್ತಲಿಲ್ಲ.

ಅವನು ವಾಪಸು ಬಂದಾಗ ಆಫೀಸಿನಲ್ಲಿ ಹೊಸ ಆಸ್ಪತ್ರೆಯೊಂದರ ಅಧಿಕಾರಿ ಕೂತಿದ್ದ. ಅಪ್ಪ ಬಿಳಿ ಬೋರ್ಡು ತೋರಿಸಿ ಹೇಳುತ್ತಿದ್ದರು: "ಎಲ್ಲ ನನ್ನ ಮಗಳದ್ದೇ ಐಡಿಯಾ ಸ್ವಾಮಿ. ಓದು ಮುಗಿಸಿ ಬಂದು ಈ ಕುರ್ಚಿಯಲ್ಲಿ ಕೂರ್ತಾಳೆ. ಅಲ್ಲಿವರೆಗೆ ಇವನು ನೋಡ್ಕೋತಾನೆ."

ತಂಗಿ ಸ್ಕೂಲಿನಲ್ಲಿ ನಿಜ ಒಪ್ಪಿಕೊಂಡು ಬಂದದ್ದನ್ನು ಅಂದು ರಾತ್ರಿ ಊಟದ ಹೊತ್ತಿಗೆ ಅವಳ ಬಾಯಿಂದಲೇ ಅಪ್ಪ ಕೇಳಿದ್ದರು. ಆದರೂ ಇದನ್ನೇ ಹೇಳುತ್ತಿದ್ದರು. ಅಣ್ಣ ಅಧಿಕಾರಿಗೆ ಟೀ ತರಿಸಿಕೊಟ್ಟ, ಮಾತು ಮುಗಿಸಿ ಗೇಟಿನವರೆಗೆ ಬಿಟ್ಟುಬಂದ. ಬಂದು ಬಾಗಿಲು ಹಾಕಿದ.

"ಅಪ್ಪ, ನಾಳೆಯಿಂದ ನೀವು ಆಫೀಸಿಗೆ ಬರೋದು ಬೇಡ."

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯವಾಯಿತು.

"ಯಾರು ಹೇಳಿದ್ದು? ಅವಳು ಹೇಳಿದ್ಲಾ?"

"ನಾನು ಹೇಳ್ತಾ ಇದೀನಿ."

"ನೀನಾ?"

"ನಾನೇ. ಮನೇಲಿರಿ, ಊಟ ಬಿಸಿಬಿಸಿ ಬರುತ್ತೆ, ಟಿವಿ ಇದೆ. ಕೆಳಗೆ ಮಾತ್ರ ಬರಬೇಡಿ. ಬಂದ್ರೆ ನಾನು ಇರೋದಿಲ್ಲ."

ಅವನು ಮೇಜಿಗೆ ಒರಗಿಕೊಂಡು ನಿಂತ. ಅಪ್ಪ ಬಾಯಿಗೆ ಬಂದದ್ದೆಲ್ಲ ಬೈದರು. ಆಮೇಲೆ ಎದ್ದು ಹೋದರು.

ಅಂದು ಬಟ್ಟೆ ಬಹಳ ಬಂದಿತ್ತು. ಅಣ್ಣ ಕೆಲಸದಲ್ಲಿ ಮುಳುಗಿದ. ಸಂಜೆ ಹೆಂಡತಿ ಮೆಟ್ಟಿಲಿಳಿದು ಬಂದು ಮೆಲ್ಲಗೆ ಹೇಳಿದಳು:

"ಮಾವ ಫೋನ್ ಮಾಡಿ ಅವಳ ಹತ್ರ ದೂರು ಹೇಳಿದ್ರು. ಅಣ್ಣ ಹೇಳಿದ ಹಾಗೆ ಕೇಳಪ್ಪ, ಕೆಳಗೆ ಹೋಗಬೇಡ ಅಂದ್ಲಂತೆ. ಅವಳು ಅಂದ್ಮೇಲೆ ಆಯ್ತು ಅಂತ ಒಪ್ಪಿಕೊಂಡಿದಾರೆ."

ಅಣ್ಣ ಕೈಯಲ್ಲಿದ್ದ ಬಟ್ಟೆಯ ಮೂಟೆಯನ್ನು ನೆಲಕ್ಕೆ ಎತ್ತಿಹಾಕಿದ.

"ಅವಳನ್ನ ಯಾರು ಕೇಳಿದ್ದು?" ಅಂತ ಕೂಗಿದ.