ಅಕ್ಕನ ಫೋನಿನಲ್ಲಿ ಕಾಣದ ಸಾಲು

೧

ಎಲ್ಲಿಂದ ಶುರು ಮಾಡುವುದು? ಪತ್ರಿಕೆಯಲ್ಲಿ ಬರೆಯಲು ಕಲಿತವರಿಗೆ ಈ ಪ್ರಶ್ನೆ ಏಳಬಾರದು. ಮುಖ್ಯ ಸಂಗತಿ ಮೊದಲ ಪ್ಯಾರಾದಲ್ಲಿ ಬರಬೇಕು. ಏಕೆಂದರೆ ಜಾಗ ಸಾಲದಿದ್ದಾಗ ಡೆಸ್ಕಿನವರು ಕತ್ತರಿ ಹಾಕುವುದು ಕೆಳಗಿನಿಂದ. ಆ ಲೆಕ್ಕದಲ್ಲಿ ಈ ಕಥೆ ಹೀಗಿರಬೇಕು:

ಗಂಟಲಿನ ಆಪರೇಷನ್ ಆದ ಅಕ್ಕನಿಗೆ ಮಾತಿನ ಬದಲಿಗೆಂದು ತಂಗಿ ಒಂದು ವೆಬ್ ಪೇಜ್ ಮಾಡಿಕೊಟ್ಟಳು. ಅದರ ಕೊನೆಯ ಸಾಲು ಅಕ್ಕನ ಫೋನಿನಲ್ಲಿ ಕಾಣುತ್ತಿರಲಿಲ್ಲ. ಇದು ಇಬ್ಬರಿಗೂ ಗೊತ್ತಿರಲಿಲ್ಲ. ಹಾಗಾಗಿ ತಂಗಿ ಶನಿವಾರದ ಬಸ್ಸಿಗೆ ಹೊರಟು ನಿಂತಳು.

ತಪ್ಪು ಒಂದೂ ಇಲ್ಲ. ಓದಿದವರ ಕಣ್ಣು ಮಾತ್ರ ಆಗಲೇ ಪಕ್ಕದ ಸುದ್ದಿಗೆ ಹೋಗಿರುತ್ತದೆ. ಈ ಡ್ರಾಫ್ಟ್ ಇಲ್ಲಿಗೆ ಬಿಟ್ಟೆ.

೧ (ಮತ್ತೆ)

ಅಕ್ಕ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ: ಕಿಟಕಿಗೆ ಒತ್ತಿಕೊಂಡು ಹೊಲಿಗೆ ಮಿಷನ್, ಮೊಳೆಗೆ ನೇತುಹಾಕಿದ ಕತ್ತರಿ, ಮೂಲೆಯಲ್ಲಿ ಉದ್ದ ಕಮ್ಮಿ ಮಾಡಬೇಕಾದ ಪ್ಯಾಂಟುಗಳ ರಾಶಿ. ತಂಗಿ ಬೇರೆ ಊರಿನಲ್ಲಿದ್ದುಕೊಂಡು ವೆಬ್ ಪೇಜ್ ಕಟ್ಟುವವಳು; ಲ್ಯಾಪ್‌ಟಾಪ್ ಇದ್ದಲ್ಲೇ ಅವಳ ಕಚೇರಿ. ಅಕ್ಕನ ಆಪರೇಷನ್ ಆದಾಗ ಅದನ್ನೆತ್ತಿಕೊಂಡೇ ಆರೈಕೆಗೆ ಬಂದಿದ್ದಳು. ಅಮ್ಮ ಹೋದ ಮೇಲೆ ತಂಗಿಯ ತಲೆ ಬಾಚಿ ಶಾಲೆಗೆ ಕಳಿಸಿದ್ದು ಅಕ್ಕನೇ. ಕಳಿಸುವಾಗ ಅವಳಾಡುತ್ತಿದ್ದ ಮಾತು ಒಂದೇ: “ಹೊತ್ತಾಯ್ತು, ಹೊರಡು.” ಶಾಲೆಗೆ ಹೋಗುವಾಗಲೂ ಅದೇ, ಕೆಲಸ ಸಿಕ್ಕಿ ಊರು ಬಿಡುವಾಗಲೂ ಅದೇ. ಅಳತೆ ಕೊಟ್ಟಾದ ಮೇಲೂ ಹರಟೆ ಹೊಡೆಯುತ್ತ ನಿಂತ ಗಿರಾಕಿಗಳಿಗೂ ಅದೇ.

(ಇಲ್ಲಿ ಅಕ್ಕ ಅಡ್ಡ ಬರುತ್ತಾಳೆ. ಕಥೆಯೊಳಗೆ ಅವಳು ಮಾತಾಡುವಂತಿಲ್ಲ; ಪಿಸುಮಾತೂ ಕೂಡದೆಂದು ಡಾಕ್ಟರು ಹೇಳಿದ್ದಾರೆ. ನನ್ನ ಹತ್ತಿರ ಆಡಬಾರದೆಂದು ಹೇಳಿಲ್ಲವಂತೆ.

“ಏನ್ರೀ ಕಥೆಯವರೇ, ‘ಅಮ್ಮ ಹೋದ ಮೇಲೆ’ ಅಂತ ಮೂರೇ ಪದದಲ್ಲಿ ಮುಗಿಸಿಬಿಟ್ರಲ್ಲ?”

“ಜಾಗ ಕಮ್ಮಿ ಇದೆ.”

“ಹಾಗಾದ್ರೆ ಆ ಪ್ಯಾಂಟಿನ ರಾಶಿ ತೆಗೀರಿ. ಗಿರಾಕಿಗಳು ಓದಿದ್ರೆ ಇನ್ನೂ ಹೊಲಿದಿಲ್ವಾ ಅಂತ ಬಾಗಿಲಿಗೇ ಬಂದು ನಿಲ್ತಾರೆ.”)

೨

ಪೇಜಿನ ತುಂಬ ದೊಡ್ಡ ದೊಡ್ಡ ಬಟನ್‌ಗಳು. ಒತ್ತಿದರೆ ಫೋನ್ ಮಾತಾಡುತ್ತದೆ, ತಂಗಿಯ ದನಿಯಲ್ಲಿ. ನೀರು. ನೋವಿದೆ. ಫ್ಯಾನ್ ಹಾಕು. ಗಿರಾಕಿ ಬಂದಿದ್ದಾರೆ, ನೋಡು. ಅಕ್ಕನಿಗೆ ಬರೆಯಲು ಬಾರದೆಂದಲ್ಲ. ಕಪ್ಪು ಬಟ್ಟೆಯ ತುಂಡೊಂದಿತ್ತು, ಗುರುತು ಹಾಕುವ ಸೀಮೆಸುಣ್ಣವಿತ್ತು. ಅದರಲ್ಲಿ ಅವಳು ಅಳತೆ ಬರೆಯುತ್ತಿದ್ದಳು, ಮಾತ್ರೆಯ ಹೆಸರು ಬರೆಯುತ್ತಿದ್ದಳು. ಮನಸ್ಸಿನೊಳಗಿನದನ್ನು ಬಟ್ಟೆಯ ಮೇಲೆ ಬರೆದು ಎತ್ತಿ ತೋರಿಸುವ ಪೈಕಿಯವಳಲ್ಲ.

ಮೊದಲ ಪೇಜಿನಲ್ಲಿ ಒಂದು ತೊಂದರೆಯಾಯಿತು. ಅಕ್ಕ ಬಟನ್ ಒತ್ತುತ್ತಿರಲಿಲ್ಲ. ಸೂಜಿಯ ಕೆಳಗೆ ಬಟ್ಟೆ ತಳ್ಳುವ ಹಾಗೆ ತಳ್ಳುತ್ತಿದ್ದಳು. ಪೇಜ್ ಸರ್ರನೆ ಮೇಲೆ ಜಾರಿ, ನೀರು ಕೇಳಲು ಹೋದರೆ ಫ್ಯಾನ್ ತಿರುಗುತ್ತಿತ್ತು. ತಂಗಿ ಸ್ಕ್ರಾಲ್ ಆಗುವುದನ್ನೇ ಬಂದ್ ಮಾಡಿದಳು. ಪೇಜಿನ ಎತ್ತರ ಪರದೆಯ ಎತ್ತರಕ್ಕೆ ಸಮ ಇರಲಿ, ಅದರಾಚೆ ಚಾಚಿದ್ದನ್ನು ತೋರಿಸಬೇಡ, ಜಾರಲೂ ಬಿಡಬೇಡ ಎಂದು ಕೋಡ್ ಬರೆದಳು. ಪ್ರೀತಿಯಿಂದ ಹಾಕಿದ ಬೀಗ ಅದು.

ಅದೇ ಕೈಯಲ್ಲಿ ಮೂರು ಹೊಸ ಬಟನ್ ಸೇರಿಸಿದಳು. ಮೇಲಿನ ಸಾಲಿಗೆ ಅಕ್ಕನ ಖಾಯಂ ಮಾತು, “ಹೊತ್ತಾಯ್ತು, ಹೊರಡು”. ಎಲ್ಲಕ್ಕಿಂತ ಕೆಳಗೆ ಒಂದು ಸಣ್ಣ ಸಾಲು, ಉಳಿದ ಸಾಲುಗಳ ಅರ್ಧ ಎತ್ತರದ್ದು. ಅದರಲ್ಲಿ ಎರಡು: “ತಮಾಷೆಗೆ ಅಂದೆ”, “ಇನ್ನೂ ಸ್ವಲ್ಪ ಹೊತ್ತು ಇರು”.

ಈ ಕೊನೆಯದನ್ನು ಅಕ್ಕ ಜನ್ಮದಲ್ಲಿ ಯಾರಿಗೂ ಹೇಳಿದವಳಲ್ಲ. ಬಾಯಿಗೆ ಬಾರದ್ದು ಬೆರಳಿಗಾದರೂ ಬರಲಿ ಎಂಬುದು ತಂಗಿಯ ಯೋಚನೆ. ಬಚ್ಚಲಿನ ಬಾಗಿಲು ಹಾಕಿಕೊಂಡು ರೆಕಾರ್ಡ್ ಮಾಡಿದಳು. ಒಮ್ಮೆ ಅಪ್ಪಣೆ ಕೊಟ್ಟ ಹಾಗೆ ಬಂತು, ಒಮ್ಮೆ ಗೋಗರೆದ ಹಾಗೆ. ಕೊನೆಗೆ ಸುಮ್ಮನೆ ಹೇಳಿದ್ದನ್ನು ಉಳಿಸಿಕೊಂಡಳು. “ಹೊಸ ಬಟನ್ ಹಾಕಿದೀನಿ, ನೋಡ್ಕೋ” ಎಂದಷ್ಟೇ ಹೇಳಿ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದಳು.

ಅಕ್ಕ ನೋಡಿದಳು. ಅವಳ ಫೋನಿನಲ್ಲಿ ಕಂಡ ಹೊಸ ಬಟನ್ ಒಂದೇ.

ಹೊತ್ತಾಯ್ತು, ಹೊರಡು.

೩

ಅಕ್ಕ ಅರ್ಥ ಮಾಡಿಕೊಂಡದ್ದು ಹೀಗೆ: ಪಾಪ, ಇವಳಿಗೆ ಹೋಗಬೇಕಾಗಿದೆ, ತಾನಾಗಿ ಹೇಳಲಾರದೆ ನನ್ನ ಕಡೆಯಿಂದಲೇ ಬರಲಿ ಎಂದು ಬಟನ್ ಮಾಡಿಟ್ಟಿದ್ದಾಳೆ. ಸಂಜೆ ಕೆಲಸ ಮುಗಿಸಿ ತಂಗಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರೆ ಸಾಕು, ಅಕ್ಕ ಅದನ್ನು ಒತ್ತುತ್ತಿದ್ದಳು. ಅದರ ಹಿಂದೆಯೇ “ತಮಾಷೆಗೆ ಅಂದೆ” ಬರಬಹುದೆಂದು ತಂಗಿ ಕಾಯುತ್ತಿದ್ದಳು. ಬರುತ್ತಿರಲಿಲ್ಲ. ತನ್ನದೇ ದನಿಯಿಂದ ಅಟ್ಟಿಸಿಕೊಂಡು ಎದ್ದು ಹೋಗುತ್ತಿದ್ದಳು.

ಇಲ್ಲೇ ಇದ್ದುಬಿಡಲು ಅವಳಿಗೆ ಅಡ್ಡಿಯೇನೂ ಇರಲಿಲ್ಲ. ಮಿಷನ್ನಿನ ಪಕ್ಕ ಒಂದು ಮೇಜು ಹಿಡಿಸುವಷ್ಟು ಜಾಗವನ್ನು ಕಣ್ಣಲ್ಲೇ ಅಳೆದೂ ಇಟ್ಟಿದ್ದಳು. ಅಕ್ಕ ಒಂದು ಸಲ ಇರು ಎಂದರೆ ಸಾಕಿತ್ತು. ಬಟನ್ ಕಣ್ಣೆದುರೇ ಇದ್ದರೂ ಒತ್ತದವಳಿಗೆ ಇನ್ನು ಬಾಯಿಬಿಟ್ಟು ಏನು ಕೇಳುವುದು? ಪಕ್ಕದ ಮನೆಯ ರಿಟೈರ್ಡ್ ನರ್ಸಮ್ಮ ನೋಡಿಕೊಳ್ಳುತ್ತೇನೆ ಎಂದರು. ತಂಗಿ ಶನಿವಾರಕ್ಕೆ ಟಿಕೆಟ್ ತೆಗೆದಳು.

(“ಟೆಸ್ಟ್ ಮಾಡ್ಲಿಲ್ಲ ಅಂತ ಮಾತ್ರ ಬರೀಬೇಡಿ” ಎಂದು ತಂಗಿ ನನ್ನ ಮೇಲೆ ರೇಗಿದಳು. “ಲ್ಯಾಪ್‌ಟಾಪಲ್ಲಿ ಎಲ್ಲಾ ಬ್ರೌಸರಲ್ಲೂ ನೋಡಿದೀನಿ. ನನ್ನ ಫೋನಲ್ಲೂ ನೋಡಿದೀನಿ.”

“ಅಕ್ಕನ ಫೋನಲ್ಲಿ?”

ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ ಹೇಳಿದಳು: “ಅಂಥಾ ಬಟನ್ ಮಾಡಿ, ಅವಳ ಪಕ್ಕದಲ್ಲೇ ಕೂತು, ಕಾಣ್ತಾ ಇದೆಯಾ ಅಂತ ಕೇಳ್ತಿದ್ರಾ ನೀವಾಗಿದ್ರೆ?”

ಕೇಳುತ್ತಿರಲಿಲ್ಲ. ಆದ್ದರಿಂದ ಹಾಗೆ ಬರೆದಿಲ್ಲ.)

೫

(ನಾಲ್ಕು ಎಲ್ಲಿ ಎಂದು ಹುಡುಕಬೇಡಿ. ಅದರಲ್ಲಿ ನರ್ಸಮ್ಮ ಬಂದು, ಫೋನ್ ಇಸಕೊಂಡು, ಎಲ್ಲ ಪತ್ತೆ ಹಚ್ಚಿಬಿಟ್ಟಿದ್ದರು. ಮನೆಯ ಗಂಟನ್ನು ಪಕ್ಕದ ಮನೆಯವರು ಬಂದು ಬಿಚ್ಚುವುದು ಬೇಡವೆಂದು ಹರಿದು ಹಾಕಿದೆ. ನರ್ಸಮ್ಮನಿಗೆ ಬೇಜಾರಾಗಿದೆ.)

ಶನಿವಾರ ಬೆಳಿಗ್ಗೆ. ಸೂಟ್‌ಕೇಸ್ ಬಾಗಿಲ ಬಳಿ ಬಂದಿತ್ತು. ಕೊನೆಯದಾಗಿ ಒಂದೇ ಕೆಲಸ ಬಾಕಿ: “ನರ್ಸಮ್ಮ, ಸ್ವಲ್ಪ ಬನ್ನಿ” ಎಂಬ ಬಟನ್. ಲ್ಯಾಪ್‌ಟಾಪ್ ತೆರೆದು ಕೆಳಗಿನ ಸಾಲಿನ ತುದಿಗೆ ಸೇರಿಸಿದಳು. ತೋರಿಸಿಕೊಡೋಣವೆಂದು ಅಕ್ಕನ ಫೋನ್ ಕೈಗೆ ತೆಗೆದುಕೊಂಡಳು.

ಬಟನ್ ಇರಲಿಲ್ಲ.

ಹಳೆಯ ಪೇಜೇ ಬರುತ್ತಿರಬೇಕೆಂದು ಬ್ರೌಸರ್ ಕೂಡಿಟ್ಟಿದ್ದನ್ನೆಲ್ಲ ಅಳಿಸಿ ಮತ್ತೆ ತೆರೆದಳು. ಇಲ್ಲ. ಫೋನಿನ ಜೊತೆಗೇ ಬಂದಿದ್ದ, ಅಕ್ಕ ಯಾವತ್ತೂ ಮುಟ್ಟದ ಇನ್ನೊಂದು ಬ್ರೌಸರಿನಲ್ಲಿ ತೆರೆದಳು. ಅಲ್ಲಿ ಕೆಳಗಡೆ ಏನೋ ಇಣುಕಿದಂತಿತ್ತು: ಮೂರು ಬಟನ್‌ಗಳ ನೆತ್ತಿ ಮಾತ್ರ, ಗೋಡೆಯಾಚೆ ನಿಂತವರ ತಲೆಗೂದಲು ಕಂಡ ಹಾಗೆ.

ಮೂರು. ಒಂದಲ್ಲ.

ಅಕ್ಕ ಮಂಚದ ಮೇಲಿಂದಲೇ ಕಪ್ಪು ಬಟ್ಟೆ ಎತ್ತಿ ತೋರಿಸಿದಳು: ಬಸ್ಸು?

“ತಾಳೇ.”

ಗೊತ್ತಾಗದಿದ್ದಾಗ ಎಲ್ಲಕ್ಕೂ ಕೆಂಪು ಗೆರೆ ಹಾಕಿ ನೋಡುವುದು ಅವಳ ಕಸುಬಿನ ಹಳೆಯ ರೂಢಿ. ಪೇಜಿಗೆ, ಸಾಲುಗಳಿಗೆ, ಬಟನ್‌ಗಳಿಗೆ, ಎಲ್ಲಕ್ಕೂ ಸುತ್ತ ಕೋಡಿನಲ್ಲೇ ಗೆರೆ ಎಳೆದಳು. ಲ್ಯಾಪ್‌ಟಾಪಿನಲ್ಲಿ ಎಲ್ಲ ಚೌಕಗಳೂ ಪೂರ್ತಿ. ಅಕ್ಕನ ಬ್ರೌಸರಿನಲ್ಲಿ ಪೇಜಿನ ದೊಡ್ಡ ಚೌಕಕ್ಕೆ ಎಡಗೆರೆ ಇತ್ತು, ಬಲಗೆರೆ ಇತ್ತು, ಮೇಲಿನದಿತ್ತು. ಕೆಳಗಿನ ಗೆರೆ ಇರಲಿಲ್ಲ. ಪೇಜ್ ಮುಗಿದಿರಲೇ ಇಲ್ಲ, ಪರದೆ ಮುಗಿದಿತ್ತು.

ಆಗ ಹೊಳೆಯಿತು. ಅಕ್ಕ ಬಳಸುವ ಹಳೆಯ ಬ್ರೌಸರ್ ಪರದೆಯ ಎತ್ತರ ಅಳೆಯುವಾಗ ತನ್ನ ನೆತ್ತಿಯ ಮೇಲಿನ ಅಡ್ರೆಸ್ ಬಾರ್ ಇಲ್ಲವೇ ಇಲ್ಲ ಎಂದುಕೊಂಡು ಅಳೆಯುತ್ತಿತ್ತು. ಬಾರ್ ಮಾತ್ರ ಅಲ್ಲೇ ಕೂತಿತ್ತು. ಅದು ಆಕ್ರಮಿಸಿದಷ್ಟು ಜಾಗ ಕೆಳಗೆ ಪರದೆಯಾಚೆ ಇಳಿದುಹೋಗಿತ್ತು, ಸರಿಯಾಗಿ ಆ ಸಣ್ಣ ಸಾಲಿನಷ್ಟು. ತಂಗಿ ತನ್ನ ಫೋನಿನಲ್ಲಿ ಪೇಜನ್ನು ಆ್ಯಪ್ ಹಾಗೆ ಮಾಡಿಟ್ಟುಕೊಂಡಿದ್ದಳು. ಅಲ್ಲಿ ಅಡ್ರೆಸ್ ಬಾರೇ ಇಲ್ಲ. ಸ್ಕ್ರಾಲ್ ಇದ್ದಿದ್ದರೆ ಅಕ್ಕನ ಬೆರಳು ತಳ್ಳುವ ರಭಸಕ್ಕೆ ಆ ಸಾಲು ಎಂದೋ ಮೇಲೆ ಬರುತ್ತಿತ್ತು. ಸ್ಕ್ರಾಲಿಗೆ ಬೀಗ ಹಾಕಿದವಳು ತಾನೇ.

ಬೀಗ ತೆಗೆದರೆ ಮತ್ತೆ ನೀರಿಗೆ ಫ್ಯಾನ್. ಬಾರನ್ನೂ ಲೆಕ್ಕಕ್ಕೆ ಹಿಡಿಯುವ ಹೊಸ ಅಳತೆಯೊಂದು ಬಂದಿದೆ ನಿಜ, ಅದು ಈ ಹಳೆಯ ಬ್ರೌಸರಿಗೆ ಅರ್ಥವಾಗದು. ಆದ್ದರಿಂದ ಅಳತೆಯ ಗೊಡವೆಯನ್ನೇ ಬಿಟ್ಟಳು. ಪೇಜಿನ ಮೇಲಂಚು ಕಾಣುವ ಪರದೆಯ ಮೇಲಂಚಿಗೆ, ಕೆಳಂಚು ಕೆಳಂಚಿಗೆ ಅಂಟಿಕೊಂಡಿರಲಿ. ನಡುವೆ ಎಷ್ಟಿದೆಯೋ ಅಷ್ಟರಲ್ಲಿ ಎಲ್ಲರೂ ಹೊಂದಿಕೊಳ್ಳಲಿ ಎಂದು ಬರೆದಳು.

ಸಾಲುಗಳು ಒಂದಿಷ್ಟು ಮೈ ಮುದುಡಿಕೊಂಡವು. ಕೆಳಗಿನ ಕೆಂಪು ಗೆರೆ ಬಂತು. ಅದರ ಮೇಲೆ ಮೂರು ಬಟನ್.

೬

ಇಲ್ಲಿ ಮುಕ್ತಾಯಗಳು ಸಾಲುಗಟ್ಟಿ ನಿಂತಿವೆ.

ಮುಕ್ತಾಯ ಅ: ಅಕ್ಕ “ಇನ್ನೂ ಸ್ವಲ್ಪ ಹೊತ್ತು ಇರು” ಒತ್ತುತ್ತಾಳೆ. ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. (ಅಕ್ಕ: “ಅತ್ರೆ ಗಂಟಲ ಹೊಲಿಗೆ ಬಿಚ್ಚಿಕೊಳ್ಳತ್ತೆ. ಹೊಲಿಗೆ ವಿಷಯ ನನಗೆ ಹೇಳ್ಕೊಡಬೇಡಿ.”)

ಮುಕ್ತಾಯ ಆ: ಪೇಜ್ ಸರಿಯಾಗುವಷ್ಟರಲ್ಲಿ ಬಸ್ ಹೋಗಿರುತ್ತದೆ; ಬೇರೆ ದಾರಿಯಿಲ್ಲದೆ ತಂಗಿ ಉಳಿಯುತ್ತಾಳೆ. (ತಂಗಿ: “ಬಸ್ ತಪ್ಪಿತು ಅಂತ ಇರೋಕೆ ನಾನೇನು ಪಾರ್ಸಲ್ಲಾ?”)

ಇಬ್ಬರೂ ಒಪ್ಪಲಿಲ್ಲ. ಹಾಗಾಗಿ ಆದದ್ದನ್ನಷ್ಟೇ ಬರೆಯುತ್ತೇನೆ.

ತಂಗಿ ಏನೂ ಹೇಳದೆ ಫೋನನ್ನು ಅಕ್ಕನ ಕೈಗಿತ್ತಳು. ಅಕ್ಕ ಕನ್ನಡಕ ಹುಡುಕಿ ಹಾಕಿಕೊಂಡಳು. ಕೆಳಗಿನ ಸಾಲನ್ನು ಓದಿದಳು. ಮತ್ತೊಮ್ಮೆ ಓದಿದಳು. ಸೀಮೆಸುಣ್ಣ ತೆಗೆದುಕೊಂಡು ‘ಬಸ್ಸು’ ಎಂಬುದನ್ನು ಅಂಗೈಯಿಂದ ಒರೆಸಿ, ಬರೆದಳು: ಇದನ್ನು ಯಾವಾಗ ಹಾಕಿದೆ?

“ಅವತ್ತೇ. ಹೊರಡು ಅನ್ನೋದು ಹಾಕಿದ ದಿನಾನೇ.”

ಅಕ್ಕ ಬಟ್ಟೆಯನ್ನು ಮತ್ತೆ ಒರೆಸಿದಳು. ಆಮೇಲೆ ಅಕ್ಷರಗಳು ಸಣ್ಣದಾಗಿ ಬಂದವು: ನನಗೆ ಕಂಡಿದ್ದು ಹೊರಡು ಒಂದೇ.

ತಂಗಿ ಸ್ಟೂಲಿನ ಮೇಲೆ ಕೂತಳು. ಅಷ್ಟೂ ಸಂಜೆಗಳು ಅವಳ ತಲೆಯಲ್ಲಿ ಹಿಂದಕ್ಕೆ ಓಡಿದವು, ಒಂದೊಂದೂ ಈಗ ಬೇರೆಯೇ ಆಗಿ. “ನಾನು ಅಂದ್ಕೊಂಡೆ…” ಎಂದು ಶುರು ಮಾಡಿದಳು. ಅಕ್ಕ ಕೈ ಎತ್ತಿ ತಡೆದು, ಫೋನ್ ಒತ್ತಿದಳು.

“ಹೊತ್ತಾಯ್ತು, ಹೊರಡು.”

ತಂಗಿಯ ಮುಖ ಸಣ್ಣಗಾಯಿತು. ಅಭ್ಯಾಸಬಲದಿಂದ ಅರ್ಧ ಎದ್ದೂಬಿಟ್ಟಳು.

“ತಮಾಷೆಗೆ ಅಂದೆ.”

“ಏ ಹೋಗೇ! ಬಾಯಿ ಕಟ್ಟಿದ್ರೂ ನಿನ್ನ ಕೊಬ್ಬು ಇಳಿದಿಲ್ಲ ನೋಡು!” ತಂಗಿ ನಗುತ್ತಲೇ ಮೂಗೊರೆಸಿಕೊಂಡಳು. ಅಕ್ಕ ಸದ್ದಿಲ್ಲದೆ ನಕ್ಕಳು, ಕುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ನಗು ನಿಂತ ಮೇಲೆ ಅವಳ ಬೆರಳು ಪಕ್ಕದ ಬಟನ್ನಿಗೆ ಸರಿಯಿತು. ತಳ್ಳಲಿಲ್ಲ. ಅದರ ಮೇಲೆ ಹಾಗೆಯೇ ನಿಂತಿತು.

೭

ಒತ್ತಿದಳೇ? ಪತ್ರಿಕೆಯಲ್ಲಾದರೆ ಖಚಿತಪಡಿಸಿಕೊಳ್ಳದೆ ಬರೆಯುವ ಹಾಗಿಲ್ಲ. ಅಕ್ಕನನ್ನೇ ಕೇಳಿದೆ. ಇಷ್ಟು ಹೊತ್ತೂ ನನ್ನೊಂದಿಗೆ ಜಗಳವಾಡಿದವಳು ಗಂಟಲಿನತ್ತ ಬೆರಳು ತೋರಿಸಿ, ಡಾಕ್ಟರರ ಅಪ್ಪಣೆಯನ್ನು ನೆನಪಿಸಿದಳು.

ತಂಗಿಯತ್ತ ತಿರುಗಿದೆ. ಅವಳು ಮಿಷನ್ನಿನ ಪಕ್ಕದ ಖಾಲಿ ಜಾಗವನ್ನು ನೋಡುತ್ತಿದ್ದಳು.

“ನೀವಿನ್ನೂ ಇಲ್ಲೇ ಇದೀರಾ?” ಎಂದಳು. “ಹೊತ್ತಾಯ್ತು, ಹೊರಡಿ.”

ಬಾಗಿಲಿಗೆ ಅಡ್ಡವಾಗಿದ್ದ ಸೂಟ್‌ಕೇಸನ್ನು ದಾಟಿ ಹೊರಗೆ ಬಂದೆ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತೆ, ಒಳಗಿನಿಂದ “ತಮಾಷೆಗೆ ಅಂದೆ” ಎಂಬ ದನಿ ಬರಬಹುದೆಂದು.