ಬಿಸಿಲಿಗಿಟ್ಟ ಟಬ್ಬುಗಳು

ಟೈಲರ್ ಹಸಿರು ಟಬ್ಬನ್ನು ಮಗುಚಿ ತಳ ನೋಡಿದ, ಅಂಚನ್ನು ಹೆಬ್ಬೆರಳಿನಿಂದ ಒತ್ತಿದ, ಕೊನೆಗೆ ಮೂಸಿಯೂ ನೋಡಿದ. ಬಟ್ಟೆಯ ಒಳಮೈ ತಿರುವಿ ನೋಡದೆ ಕತ್ತರಿ ಇಡದ ಮನುಷ್ಯ, ಪ್ಲಾಸ್ಟಿಕ್ಕಿನ ಮುಂದೆ ಸುಮ್ಮನಿರುತ್ತಾನೆಯೇ? ಅದೂ ಅಂಗಡಿ ಸ್ವಂತ ತಮ್ಮನದು.

"ಅದು ಬೇಡ ಅಣ್ಣ, ಬಾಳಿಕೆ ಬರಲ್ಲ. ಆ ಕರೀದು ತಗೋ," ಎಂದ ತಮ್ಮ.

ಟೈಲರನಿಗೆ ಮೈಯೆಲ್ಲ ಉರಿಯಿತು. ಹಿಂದೊಂದು ಬೇಸಿಗೆಯಲ್ಲಿ ಇದೇ ಬಾಯಿ "ಕಣ್ಣುಮುಚ್ಚಿ ತಗೋ" ಎಂದಿತ್ತು. ಬೋನ್ಸಾಯ್ ಎಂದರೆ ಗಿಡವನ್ನು ಒಮ್ಮೆಗೇ ಚಂದದ ತಟ್ಟೆಗೆ ಏರಿಸುವುದಲ್ಲ. ಕಾಂಡ ದಪ್ಪವಾಗಿ, ಕೊಂಬೆ ಹೇಳಿದ ಮಾತು ಕೇಳುವ ತನಕ ವರ್ಷಗಟ್ಟಲೆ ಅಗಲದ ಟಬ್ಬಿನಲ್ಲಿಟ್ಟು, ತಂತಿ ಸುತ್ತಿ ಪಳಗಿಸಬೇಕು. ಅವನ ಕುಳ್ಳ ಅಂಜೂರದ ಎಡಗೊಂಬೆ ಆಗತಾನೆ ಮಾತು ಕೇಳತೊಡಗಿತ್ತು. ಬಿಸಿಲಿಗೆ ತಮ್ಮನ ಟಬ್ಬು ಸೀಳಿ, ಗಿಡ ತಾರಸಿಯ ಕಟ್ಟೆಯಿಂದ ಉರುಳಿ, ಆ ಕೊಂಬೆಯೇ ಮುರಿಯಿತು. ತಮ್ಮ ಓಡಿ ಬಂದು ಬಿದ್ದದ್ದನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬಿಕೊಂಡು ಹೋದ. ತಪ್ಪು ಮುಚ್ಚಿಹಾಕಲು ಹೀಗೆ ಮಾಡಿದನೆಂದು ಟೈಲರ್ ಅಂದಿನಿಂದ ಮಾತು ಬಿಟ್ಟಿದ್ದ.

ಉಳಿದ ಗಿಡಕ್ಕೆ ಆಮೇಲೆ ಬೇರೆ ಅಂಗಡಿಗಳಿಂದ ತಂದ ಟಬ್ಬುಗಳೂ ಒಡೆದವು. ಈಗಿನದಕ್ಕೆ ಹಗ್ಗ ಬಿಗಿದಿದ್ದರೂ ಬೇರು ಹೊರಗೆ ಇಣುಕಿ ಒಣಗುತ್ತಿತ್ತು. ಬೇಗ ಬದಲಿಸದಿದ್ದರೆ ಗಿಡದ ಆಸೆ ಬಿಡಬೇಕಿತ್ತು. "ನಿಮ್ಮ ಹಟಕ್ಕೆ ಅದ್ಯಾಕೆ ಸಾಯ್ಬೇಕು?" ಎಂದು ಹೆಂಡತಿ ಅವನನ್ನು ಇಲ್ಲಿಗೆ ಅಟ್ಟಿದ್ದಳು.

"ಕರೀದು ಖರ್ಚಾಗದೆ ಉಳಿದಿದ್ಯಾ? ನನ್ನ ತಲೆಗೆ ಯಾಕೆ ಕಟ್ತೀಯ?"

"ಅಯ್ಯೋ, ಅದು ಗಟ್ಟಿ ಅಂತ ನಂಗೊತ್ತು."

"ಹೇಗೆ ಗೊತ್ತು?"

ತಮ್ಮ ಕಿವಿ ತುರಿಸಿಕೊಂಡ. ಚಿಕ್ಕಂದಿನಲ್ಲಿ ಸುಳ್ಳು ಹೇಳುವಾಗಲೂ ಹೀಗೇ ತುರಿಸಿಕೊಳ್ಳುತ್ತಿದ್ದ. "ಮೇಲೆ ಇಟ್ಟು ನೋಡಿದೀನಿ."

"ಮೇಲೆ ಏನಿದೆ?"

"ಏನಿರತ್ತೆ? ಬಿಸಿಲು." ಹೇಳುತ್ತಲೇ ಎದ್ದು ಮೆಟ್ಟಿಲಿಗೆ ಅಡ್ಡ ನಿಂತ. "ಹತ್ತಬೇಡ ಅಣ್ಣ, ನಿನ್ನ ಮಂಡಿ ನೋವು..."

"ನನ್ನ ಮಂಡಿ ವಿಚಾರ ನಿನಗೆ ಬೇಡ." ಟೈಲರ್ ಅವನನ್ನು ಪಕ್ಕಕ್ಕೆ ಸರಿಸಿ ಹತ್ತಿದ. ಇವತ್ತು ಇವನ ಬಣ್ಣ ಬಯಲಾಗಲೇಬೇಕು.

ತಾರಸಿಯ ತುಂಬ ಒದ್ದೆ ಮಣ್ಣು ತುಂಬಿದ ಟಬ್ಬುಗಳಿದ್ದವು. ಕೆಳಗೆ ಅವನು ಮೆಚ್ಚಿದ್ದ ಹಸಿರು ಬಗೆಯದೇ ಒಂದನ್ನು ಮುಟ್ಟಿದ್ದೇ ತಡ, ಅಂಚು ಮುರಿದು ಕೈಗೆ ಬಂತು. ಕರಿಯದು ಒತ್ತಿದರೆ ಬಾಗಿತು, ಬಿಟ್ಟರೆ ನೆಟ್ಟಗಾಯಿತು.

"ಅವತ್ತಿನಿಂದ ಯಾವ ಮಾಲು ಬಂದ್ರೂ ಮೊದಲು ಒಂದನ್ನ ಇಲ್ಲಿಡ್ತೀನಿ," ಎಂದ ತಮ್ಮ ಹಿಂದಿನಿಂದ.

ಅಷ್ಟಕ್ಕೆ ಅನುಮಾನ ತೀರಲಿಲ್ಲ. ಇದನ್ನು ಮುಚ್ಚಿಡುವಂಥದ್ದೇನು? ಟೈಲರ್ ನೀರಿನ ತೊಟ್ಟಿಯ ಮರೆಗೆ ಹೋದ. ಅಲ್ಲಿ ಇನ್ನೊಂದು ಕರಿಯ ಟಬ್ಬು, ಅದರಲ್ಲಿ ಒಂದೇ ಕಡೆಗೆ ಬಾಗಿದ ಅಂಜೂರದ ಗಿಡ. ಎಲೆ ಸರಿಸಿ ನೋಡಿದ. ಕಾಂಡದ ಮೇಲೆ ತಂತಿ ಸುತ್ತಿದ ಕಲೆ. ತುದಿಯಲ್ಲಿ ಒತ್ತೊತ್ತಾಗಿ ಸುತ್ತಿದ ಗುರುತು, ಗುಂಡಿ ಹೊಲಿದ ಮೇಲೆ ಬುಡಕ್ಕೆ ದಾರ ಸುತ್ತುವ ಹಾಗೆ. ಹಾಗೆ ತಂತಿ ಸುತ್ತುವವನು ಅವನೊಬ್ಬನೇ.

"ಮುರಿದ ಕೊಂಬೆ ಆ ಚೀಲದಲ್ಲಿತ್ತು, ಬಿಸಾಕೋಕೆ ಮನಸ್ಸು ಬರಲಿಲ್ಲ," ಎಂದ ತಮ್ಮ. "ನೆಟ್ಟೆ. ಚಿಗುರಿದ ಮೇಲೆ ನಿನ್ನ ಮನೆಗೆ ತಂದಿದ್ದೆ. ನೀನು ಬಾಗಿಲೇ ತೆಗೀಲಿಲ್ಲ."

ಬಾಗಿಲು ಬಡಿದ ಸದ್ದು ಟೈಲರನಿಗೆ ನೆನಪಿತ್ತು. ಮಿಷನ್ನಿನ ಸದ್ದು ಜೋರು ಮಾಡಿಕೊಂಡು ಕೂತಿದ್ದ. ತಮ್ಮನ ಮುಖ ನೋಡಲಾಗದೆ ಟಬ್ಬನ್ನು ಓರೆ ಮಾಡಿ ತಳ ನೋಡಿದ.

"ನೀರು ಇಳೀತಿಲ್ಲ. ತೂತು ಸಣ್ಣದಾಯ್ತು."

"ದೊಡ್ಡದು ಮಾಡೋಕೆ ಏನಾದ್ರೂ ತರ್ಲಾ?"

ಟೈಲರ್ ಆಗಲೇ ಜೇಬಿನಿಂದ ಕತ್ತರಿ ತೆಗೆದಿದ್ದ. ಬಟ್ಟೆ ಬಿಟ್ಟು ಬೇರೇನನ್ನೂ ಮುಟ್ಟಿಸದ ಕತ್ತರಿ ಅದು. ಹುಡುಗನಾಗಿದ್ದಾಗ ಅದರಲ್ಲಿ ಕಾಗದ ಕತ್ತರಿಸಿದ್ದಕ್ಕೆ ತಮ್ಮ ಗುದ್ದು ತಿಂದಿದ್ದ. ಅದರ ತುದಿಯನ್ನು ತೂತಿಗಿಟ್ಟು ಟೈಲರ್ ಮೆಲ್ಲಗೆ ತಿರುವತೊಡಗಿದ.

ತಮ್ಮ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಗಿಡ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡ.